ರಾಶಿ ಕಳಿಯುವ ತನಕ

ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಈಗಲೂ ಫೋನ್ ಮಾಡಿ ಮೊದಲು ಕೇಳುವುದು ಇದನ್ನೇ: "ಮೇಡಂ, ವಾಸನೆ ತಡೆಯೋಕಾಗುತ್ತಾ?" ಆಗುತ್ತದೆ ಕಣ್ರಪ್ಪ. ಮೊದಮೊದಲು ಊಟ ಸೇರುವುದಿಲ್ಲ, ಆಮೇಲೆ ಸೇರುತ್ತದೆ, ಕೊನೆಗೆ ಮೂಗಿಗೇ ಬೇಜಾರಾಗಿ ಸುಮ್ಮನಾಗುತ್ತದೆ. ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ. ಸಂಜೆ ಕೆಲಸ ಮುಗಿಸಿ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತರೆ ನಮ್ಮ ಪಕ್ಕದ ಸೀಟು ಖಾಲಿ ಉಳಿಯುತ್ತದೆ. ಜನ ಕಂಬಿ ಹಿಡಿದು ಜೋತಾಡುತ್ತಿರುತ್ತಾರೆ, ಆ ಸೀಟಿಗೆ ಮಾತ್ರ ಬರುವುದಿಲ್ಲ. ಅದಕ್ಕೆ ಒಗ್ಗಿಕೊಳ್ಳಲು ನನಗೆ ಸರ್ವೀಸು ಪೂರ್ತಿ ಸಾಲಲಿಲ್ಲ. ಬಡ್ತಿ, ಬೀಳ್ಕೊಡುಗೆ, ಶಾಲು ಹಾರ ಇವನ್ನೆಲ್ಲ ಬಿಟ್ಟು ಅದನ್ನೇ ಬರೆಯೋಣ ಅಂತ ಕೂತಿದ್ದೇನೆ.

ನನ್ನ ಹೆಸರು ಜಯಮ್ಮ. ಓದಿದ್ದು ರಸಾಯನಶಾಸ್ತ್ರ. ಶ್ರೀರಂಗಪಟ್ಟಣದಿಂದ ಪಾಂಡವಪುರದ ಕಡೆ ಹೋಗುವಾಗ ನಾಲೆ ದಾಟಿ ಒಳಗೆ ಹೊರಳಿದರೆ ನಮ್ಮ ಯಾರ್ಡು. ಸುತ್ತಲ ಊರುಗಳ ಒಳಚರಂಡಿ ನೀರನ್ನು ಶುದ್ಧ ಮಾಡಿದ ಮೇಲೆ ತೊಟ್ಟಿಯ ತಳದಲ್ಲಿ ಒಂದು ಕೆಸರು ಉಳಿಯುತ್ತದೆ. ನಾವು ಅದನ್ನು ಸ್ಲಡ್ಜು ಅನ್ನುತ್ತೇವೆ. ಅದನ್ನು ಯಾರ್ಡಿಗೆ ತಂದು ರಾಶಿ ಹಾಕಿ ಗೊಬ್ಬರ ಮಾಡುವುದು ಕೆಲಸ. ರಾಶಿ ಕಳಿತಿದೆಯೋ ಇನ್ನೂ ಹಸಿಯೋ ಎಂದು ಪರೀಕ್ಷೆ ಮಾಡಿ ಹೇಳುವವಳು ನಾನು. ಬಾಡಿಗೆ ಮನೆ ಗಂಜಾಂನಲ್ಲಿ. ಹುಟ್ಟಿದ ಮನೆ ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಅಲ್ಲಿ ಅಣ್ಣ ಪುಟ್ಟಸ್ವಾಮಿ ಬೇಸಾಯ ಮಾಡಿಕೊಂಡಿದ್ದಾನೆ. ಅತ್ತಿಗೆ ಸರೋಜಮ್ಮನ ತೌರು ತೊಣ್ಣೂರಿನ ಕಡೆ.

ನನಗೆ ಮದುವೆ ಆಗಲಿಲ್ಲ. ಗಂಡಿನ ಕಡೆಯವರು ಬಂದಿದ್ದರು, ಸುಳ್ಳೇಕೆ ಹೇಳಲಿ. ಹುಡುಗನ ತಾಯಿ ಕಾಫಿ ಕುಡಿಯುತ್ತಾ, "ಏನ್ ಕೆಲ್ಸವ್ವ ನಿಂದು?" ಅಂದರು. ನಾನು ನೆಟ್ಟಗೆ ಹೇಳಿದೆ. ಅರ್ಧ ಕುಡಿದ ಲೋಟ ಹಾಗೇ ಕೆಳಗೆ ಇಳಿಯಿತು. ಅವರು ಹೋದ ಮೇಲೆ ಅತ್ತಿಗೆ, "ಲ್ಯಾಬ್‌ನಾಗೆ ಕೆಲ್ಸ ಅಂದಿದ್ರೆ ಸಾಕಾಗಿತ್ತಲ್ಲೇ, ಅದ್ಯಾಕೆ ಚರಂಡಿ ಪುರಾಣ ಎಲ್ಲಾ ಬಿಚ್ಚೋಕೋದೆ?" ಅಂತ ಬೈದರು. ನನ್ನ ಬಾಯಿ ಮೊದಲಿಂದಲೂ ಹಾಗೆ. ಮುಚ್ಚಿಟ್ಟುಕೊಂಡು ಸಂಸಾರ ಮಾಡುವುದು ನನ್ನ ಕೈಲಾಗುತ್ತಿರಲಿಲ್ಲ ಬಿಡಿ.

ಊರಿಗೆ ಹೋದಾಗ ನನಗೆ ಮುಂಬಾಗಿಲು ಇರಲಿಲ್ಲ. ಸುತ್ತಿಕೊಂಡು ಹಿತ್ತಿಲಿಗೆ ಹೋಗಬೇಕು. ಅಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಬಕೆಟ್ ಬಿಸಿನೀರು ನನಗಾಗಿ ಕಾದಿರುತ್ತಿತ್ತು. ತೆಂಗಿನಗರಿ ಮರೆಯ ಬಚ್ಚಲಲ್ಲಿ ತಲೆಯಿಂದ ಕಾಲಿನವರೆಗೆ ಸ್ನಾನ, ಬೇರೆ ಸೀರೆ, ಉಟ್ಟಿದ್ದ ಸೀರೆ ಹೊರಗಿನ ತಂತಿಗೆ, ಆಮೇಲೆ ಒಳಗೆ. ಅತ್ತಿಗೆ ಸಿಡುಕಿಕೊಂಡು ಇಡುತ್ತಿರಲಿಲ್ಲ, ಪ್ರೀತಿಯಿಂದಲೇ ಇಡುತ್ತಿದ್ದರು. "ಬಿಸ್ನೀರು ಉಯ್ಕಳವ್ವ, ಮೈಕೈ ನೋವು ಓಯ್ತದೆ" ಅನ್ನುತ್ತಿದ್ದರು. ಅಣ್ಣ ಕೊಟ್ಟಿಗೆಯಿಂದ ಮೊಣಕಾಲಿನ ತನಕ ಸಗಣಿ ಮೆತ್ತಿಕೊಂಡು ಬಂದರೆ ಕಾಲಿಗೆ ಒಂದು ಚೊಂಬು ನೀರು ಹುಯ್ದುಕೊಂಡು ಸೀದಾ ಒಳಗೆ ಹೋಗುತ್ತಿದ್ದ. ನನಗೆ ಬಕೆಟ್.

ಬಲಿಪಾಡ್ಯಮಿಯ ಸಂಜೆ ತಿಪ್ಪೆಗೆ ದೀಪ ಇಡುವುದು ನಮ್ಮ ಕಡೆ ರೂಢಿ. ಹಿತ್ತಿಲಾಚೆ ವರ್ಷವೆಲ್ಲ ಸಗಣಿ, ಗಂಜಲ, ಕಸಕಡ್ಡಿ ಹಾಕಿ ಬೆಳೆಸಿದ ತಿಪ್ಪೆಯ ಮೇಲೆ ಸಗಣಿ ಉಂಡೆ ಇಟ್ಟು, ಹುಚ್ಚೆಳ್ಳು ಹೂ ಸಿಕ್ಕಿಸಿ, ಮಣ್ಣಿನ ಹಣತೆ ಹಚ್ಚಿ ಕೈಮುಗಿಯುತ್ತೇವೆ. ನಮ್ಮ ಮನೆಯಲ್ಲಿ ಅದು ಮನೆಮಗಳ ಕೆಲಸ. ಅವ್ವ ಹೋದ ಮೇಲೂ ನಾನೇ ಇಡುತ್ತಿದ್ದೆ. ಯಾರ್ಡಿಗೆ ಸೇರಿದ ವರ್ಷ ದೀಪದ ತಟ್ಟೆ ಅಣ್ಣನ ಮಗಳು ಮಂಜುಳನ ಕೈಗೆ ಹೋಯಿತು. ಸ್ನಾನ ಮಾಡಿ ಒದ್ದೆ ತಲೆಯಲ್ಲಿ ನಿಂತಿದ್ದ ನನಗೆ ರೇಗಿಹೋಯಿತು.

"ಅಣ್ಣ, ನಂದೂ ತಿಪ್ಪೆ ಕೆಲ್ಸವೇ ಕಣೋ. ಈ ತಿಪ್ಪೆಗೆ ಕೈ ಮುಗೀತೀಯ, ಆ ತಿಪ್ಪೆ ಅಂದ್ರೆ ಮೂಗು ಮುಚ್ಕತೀಯ?"

"ಇದು ದನದ್ದು ಕಣವ್ವ. ಅದು ಮನುಸ್ರುದು."

"ಕಳಿತ ಮೇಲೆ ಎರಡೂ ಒಂದೇ. ಒಂದು ಟ್ರೇಲರ್ ಕಳಿಸ್ತೀನಿ, ತೆಂಗಿಗೆ ಹಾಕಿ ನೋಡು."

"ಬುಡು ಬುಡು. ನಾನಿರೋಗಂಟ ಅದು ನಮ್ಮ ಒಲಕ್ಕೆ ಬರಾಕಿಲ್ಲ."

ಅವತ್ತಿನಿಂದ ನನಗೆ ಒಂದೇ ಆಸೆ. ಅಣ್ಣ ನನ್ನ ಗೊಬ್ಬರವನ್ನು ಒಂದು ಸಲ ಹೊಲಕ್ಕೆ ಹಾಕಬೇಕು. ಮೇಲಧಿಕಾರಿಗಳು ಮೆಚ್ಚಿದರೋ ಬಿಟ್ಟರೋ ನನಗೆ ತಲೆಬಿಸಿ ಇರಲಿಲ್ಲ. ಹುಟ್ಟಿದ ಮನೆಯ ನೆಲ ನನ್ನ ಕೈಕೆಲಸವನ್ನು ಒಳಗೆ ಬಿಟ್ಟುಕೊಂಡರೆ ನನ್ನನ್ನೂ ಬಿಟ್ಟುಕೊಂಡ ಹಾಗೆ ಅಂತ ಮನಸ್ಸಿಗೆ ಬಂದುಬಿಟ್ಟಿತ್ತು. ಹುಚ್ಚು ಅನ್ನಿ. ಒಂಟಿ ಇರುವವರಿಗೆ ಇಂಥ ಒಂದು ಹುಚ್ಚು ಬೇಕಾಗುತ್ತದೆ.

ಯಾರ್ಡಿನಲ್ಲಿ ನನ್ನ ಮೊದಲ ಮೇಲಧಿಕಾರಿಯನ್ನು ಎಲ್ಲರೂ ದೊಡ್ಡ ಸಾಹೇಬರು ಅನ್ನುತ್ತಿದ್ದರು. ಮೂಗಿಗೆ ಕರ್ಚೀಫು ಕಟ್ಟಿಕೊಂಡು ಬರುವರು, ರಾಶಿಯ ಹತ್ತಿರ ಬಂದ ಮೇಲೆ ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಳ್ಳುವರು. "ಮೇಡಂ, ಮೂಗು ಕಟ್ಟಿಕೊಂಡರೆ ಅರ್ಧ ಕೆಲಸ ಹೋಯ್ತು" ಅನ್ನುತ್ತಿದ್ದರು. ಹಿಡಿ ತುಂಬ ತೆಗೆದು ಹಿಂಡುವುದನ್ನು ಕಲಿಸಿದ್ದು ಅವರೇ. ಬೆರಳ ಸಂದಿಯಲ್ಲಿ ನೀರು ಮಿನುಗಬೇಕು, ತೊಟ್ಟಿಕ್ಕಬಾರದು. ತೊಟ್ಟಿಕ್ಕಿದರೆ ಒಳಗೆ ಗಾಳಿ ಆಡುವುದಿಲ್ಲ, ರಾಶಿ ಕೊಳೆತು ಮೊಟ್ಟೆ ನಾತ ಹೊಡೆಯುತ್ತದೆ. ಪುಡಿಪುಡಿಯಾಗಿ ಉದುರಿದರೆ ಒಳಗಿರುವ ಜೀವಾಣುಗಳಿಗೆ ಬಾಯಾರಿಕೆ.

ಸ್ಲಡ್ಜನ್ನು ಹಾಗೇ ರಾಶಿ ಹಾಕಿದರೆ ಏನೂ ಆಗುವುದಿಲ್ಲ. ಅದರಲ್ಲಿ ಸಾರಜನಕ ಜಾಸ್ತಿ, ಇಂಗಾಲ ಸಾಲದು, ಗಾಳಿಗೆ ಜಾಗವೂ ಇಲ್ಲ. ಅದಕ್ಕೆ ಕಬ್ಬಿನ ತರಗು, ಕೆ.ಆರ್. ಪೇಟೆ ಕಡೆಯಿಂದ ಬರುವ ತೆಂಗಿನ ನಾರಿನ ಪುಡಿ ಬೆರೆಸುತ್ತಿದ್ದೆವು. ಬೆರೆಸಿದ ಮೇಲೆ ಒಳಗೆ ನಡೆಯುವುದನ್ನು ಒಂದು ಮದುವೆ ಮನೆ ಊಟಕ್ಕೆ ಹೋಲಿಸಿಕೊಳ್ಳಿ. ಮೊದಲ ಪಂಕ್ತಿಯಲ್ಲಿ ಸಿಹಿ ಖಾಲಿ. ಸಕ್ಕರೆ, ಪಿಷ್ಟ, ಸುಲಭಕ್ಕೆ ಕರಗುವುದೆಲ್ಲ ಹೋಗುತ್ತದೆ, ರಾಶಿ ಹುಳಿ ವಾಸನೆ ಹೊಡೆಯುತ್ತದೆ. ಆಮೇಲೆ ಕೊಬ್ಬು, ಪ್ರೋಟೀನು. ಪ್ರೋಟೀನು ಒಡೆಯುವಾಗ ಅಮೋನಿಯಾ ಹುಟ್ಟುತ್ತದೆ, ಕಣ್ಣು ಉರಿಯುತ್ತದೆ. ಈ ತಿನ್ನುವ ಗಲಾಟೆಗೆ ರಾಶಿ ಕಾಯುತ್ತದೆ, ಚಳಿಗಾಲದ ಬೆಳಿಗ್ಗೆ ಮೇಲೆ ಹಬೆ ಆಡುತ್ತದೆ, ಕೈ ಇಟ್ಟರೆ ಸುಡುತ್ತದೆ. ರೋಗದ ಕ್ರಿಮಿಗಳು, ಹುಳದ ಮೊಟ್ಟೆಗಳು ಆ ಕಾವಿಗೇ ಸಾಯಬೇಕು. ಅದಕ್ಕೇ ರಾಶಿಯನ್ನು ಮತ್ತೆ ಮತ್ತೆ ಮಗುಚಿ ಹೊರಗಿದ್ದದ್ದನ್ನು ಒಳಗೆ ಮಾಡುವುದು.

ಕಾವು ಇಳಿದ ಮೇಲೆ ನಡೆಯುವ ಕೆಲಸವೇ ನನಗೆ ಇಷ್ಟ. ಅದನ್ನು ನೋಡಲು ಯಾರಿಗೂ ತಾಳ್ಮೆ ಇಲ್ಲ. ನಾರಿನ ಭಾಗವನ್ನು ಬೂಷ್ಟಿನ ಎಳೆಗಳು ನಿಧಾನವಾಗಿ ಬಿಡಿಸುತ್ತವೆ. ಕಡ್ಡಿಗೆ ಗಟ್ಟಿತನ ಕೊಡುವ ಲಿಗ್ನಿನ್ ಅನ್ನುವ ವಸ್ತು ಪೂರ್ತಿ ಕರಗುವುದಿಲ್ಲ. ಅದು ಚೂರಾಗಿ, ಅಳಿದುಳಿದ ಪ್ರೋಟೀನಿನ ಜೊತೆ ಸೇರಿಕೊಂಡು ಹೊಸದೊಂದು ಕಪ್ಪು ಪದಾರ್ಥ ಆಗುತ್ತದೆ. ಮಣ್ಣಿಗೆ ನೀರು, ಸತ್ವ ಹಿಡಿದಿಡುವ ಗುಣ ಬರುವುದು ಅದರಿಂದ. ಅಮೋನಿಯಾ ರೂಪದ ಸಾರಜನಕ ನಿಧಾನಕ್ಕೆ ನೈಟ್ರೇಟ್ ಆಗಿ ಗಿಡದ ಬೇರಿಗೆ ಹಿತವಾಗುವುದೂ ಆಗಲೇ. ಇಂಗಾಲ ಗಾಳಿಗೆ ಹೋಗಿ ರಾಶಿ ಕುಗ್ಗುತ್ತದೆ. ಬಣ್ಣ ಕಾಫಿಪುಡಿಯದು. ಮೂಗಿಗೆ ಹಿಡಿದರೆ ಮೊದಲ ಮಳೆ ಬಿದ್ದ ನೆಲದ ವಾಸನೆ. ನಮ್ಮ ಕಡೆ ರೈತರು ಇದಕ್ಕೆ ಕಳಿಯುವುದು ಅನ್ನುತ್ತಾರೆ, ಅದಕ್ಕಿಂತ ಒಳ್ಳೆಯ ಮಾತು ನಮ್ಮ ಪಠ್ಯಪುಸ್ತಕದಲ್ಲಿ ನನಗೆ ಸಿಗಲಿಲ್ಲ.

ಮೊದಲು ಇದನ್ನೆಲ್ಲ ಕೈಯಲ್ಲೇ, ಮೂಗಿನಲ್ಲೇ ತೀರ್ಮಾನ ಮಾಡುತ್ತಿದ್ದೆವು. ಆಮೇಲೆ ಉದ್ದನೆ ಥರ್ಮಾಮೀಟರ್ ಬಂತು, ಮಗುಚುವ ಯಂತ್ರ ಬಂತು, ನನ್ನ ಲ್ಯಾಬಿಗೆ ಬೇಕಾದ ಸಾಮಾನೂ ಬಂತು. ಗೊಬ್ಬರವನ್ನು ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಸಿ ಸೋಸಿದರೆ ಗಟ್ಟಿ ಡಿಕಾಕ್ಷನ್ ಥರ ದ್ರಾವಣ ಬರುತ್ತದೆ. ಅದಕ್ಕೆ ಆಮ್ಲ ಹನಿಸುತ್ತಾ ಹೋದರೆ ಕಪ್ಪು ಚೂರುಗಳು ಕಟ್ಟಿಕೊಂಡು ತಳಕ್ಕೆ ಇಳಿಯುತ್ತವೆ, ಮೇಲೆ ತಿಳಿ ಹಳದಿ ನೀರು ನಿಲ್ಲುತ್ತದೆ. ಆ ಕಪ್ಪು ಹ್ಯೂಮಿಕ್ ಆಮ್ಲ. ಹಸಿ ರಾಶಿಯಲ್ಲಿ ಅದು ಕಡಿಮೆ, ಕಳಿತ ರಾಶಿಯಲ್ಲಿ ಜಾಸ್ತಿ. ಮೊದಲ ಸಲ ಅದು ಚೆನ್ನಾಗಿ ಇಳಿದ ದಿನ ನಾನು ಗಾಜಿನ ಲೋಟವನ್ನು ಬೆಳಕಿಗೆ ಹಿಡಿದು, "ನೋಡ್ರೀ ಇಲ್ಲಿ!" ಅಂತ ಕೂಗಿಬಿಟ್ಟೆ. ಯಾರೂ ಇರಲಿಲ್ಲ. ಆಫೀಸಿನವರು ಊಟಕ್ಕೆ ಹೊರಗೆ ಹೋಗಿದ್ದರು, ನನ್ನ ಜೊತೆ ಉಣ್ಣಲು ಅವರಿಗೆ ಮುಜುಗರ. ಕೂಲಿಯವರು ಹೊಂಗೆ ಮರದ ಕೆಳಗೆ ಗುಂಪಾಗಿ ಉಣ್ಣುತ್ತಿದ್ದರು, ನಾನು ಹೋಗಿ ಕೂತರೆ ಅವರ ಮಾತು ನಿಂತುಹೋಗುತ್ತಿತ್ತು. ಬೇರೆಯವರು ದೂರ ಸರಿಯುವುದು ಅವರಿಗೆ ಹುಟ್ಟಿದಾಗಿನಿಂದ ಗೊತ್ತಿದ್ದ ಸಂಗತಿ. ನನಗೆ ಕೆಲಸಕ್ಕೆ ಸೇರಿದ ಮೇಲೆ ಅದರ ಚೂರೊಂದು ಗೊತ್ತಾಯಿತು, ಅಷ್ಟಕ್ಕೇ ನಾನು ಇಷ್ಟು ಬರೆಯುತ್ತಿದ್ದೇನೆ. ಅವತ್ತು ಲೋಟ ಕೆಳಗಿಟ್ಟು ಒಬ್ಬಳೇ ಬುತ್ತಿ ಬಿಚ್ಚಿದೆ.

ನಗುವ ಪ್ರಸಂಗಗಳೂ ನಡೆದವು. ಯಾರ್ಡಿನಾಚೆ ಒಂದು ಕಲ್ಯಾಣ ಮಂಟಪ ಕಟ್ಟಿದರು. ಮದುವೆಯ ಹಿಂದಿನ ದಿನ ಹೆಣ್ಣಿನ ಕಡೆಯವರು ಬಂದು, ನಾಳೆ ಒಂದು ದಿನ ನಾತ ಬರದ ಹಾಗೆ ಮಾಡಿ ಎಂದು ಕೈಮುಗಿದರು. ಅವತ್ತು ನಾನು ರಜೆ. ಮೇಸ್ತ್ರಿ ನಂಜಪ್ಪನಿಗೆ ಉಪಾಯ ಹೊಳೆಯಿತು. ಮನೆಯಲ್ಲಿ ನಾಯಿ ಗಲೀಜು ಮಾಡಿದರೆ, ಮಗು ಕಕ್ಕ ಮಾಡಿದರೆ ಹೆಂಗಸರು ಒಲೆ ಬೂದಿ ತಂದು ಮುಚ್ಚುವುದಿಲ್ಲವೇ? ರಾಶಿಗೂ ಅದನ್ನೇ ಮಾಡಿದ. ಸುತ್ತಲ ಆಲೆಮನೆಗಳ ಒಲೆಯಿಂದ ಟ್ರಾಕ್ಟರಿನಲ್ಲಿ ಬೂದಿ ತರಿಸಿ, ಕಾವೇರಿದ ರಾಶಿಗಳ ಮೇಲೆಲ್ಲ ಎರಚಿ, ಚೆನ್ನಾಗಿ ಬೆರೆಯಲಿ ಅಂತ ನೀರನ್ನೂ ಹೊಡೆಸಿ, ಮಗುಚಿಸಿಬಿಟ್ಟ.

ಬೂದಿ ಕ್ಷಾರ. ರಾಶಿಯೊಳಗೆ ಉಪ್ಪಿನ ಹಾಗೆ ಸುಮ್ಮನೆ ಕೂತಿದ್ದ ಅಮೋನಿಯಂ ಕ್ಷಾರ ಮುಟ್ಟಿದ ಕೂಡಲೇ ಗಾಳಿಯಾಗಿ ಎದ್ದು ಬಂತು. ಬೆಳಿಗ್ಗೆ ನಾನು ಬಸ್ಸಿಳಿದಾಗಲೇ ಗೊತ್ತಾಯಿತು. ಮಂಟಪದಲ್ಲಿ ಧಾರೆ ನಡೆಯುತ್ತಿದೆ, ಗಂಡು ಕಣ್ಣೊರೆಸಿಕೊಳ್ಳುತ್ತಿದ್ದಾನೆ, ಓಲಗದವನು ಕಣ್ಣೊರೆಸಿಕೊಳ್ಳುತ್ತಿದ್ದಾನೆ, ಹೆಣ್ಣು ಒಪ್ಪಿಸುವಾಗ ಅಳಬೇಕಾದ ನೆಂಟರೆಲ್ಲ ಮುಂಚಿತವಾಗಿಯೇ ಅಳುತ್ತಿದ್ದಾರೆ.

"ನಂಜಪ್ಪ, ಏನ್ ಮಾಡಿದ್ರಿ ಇದು?"

"ಬೂದಿ ಆಕ್ಸಿದೆ ಮೇಡಮ್ಮೋರೆ. ಇನ್ನೊಂದ್ ಲೋಡ್ ಬಿದ್ರೆ ಸರಿ ಓಯ್ತದೆ ಬುಡಿ."

"ಇನ್ನೊಂದ್ ಲೋಡ್ ಬಿದ್ರೆ ಶ್ರೀರಂಗಪಟ್ಟಣವೇ ಅಳ್ತದೆ, ನಿಲ್ಸಿ!"

ಹಳೆಯ ಕಳಿತ ಗೊಬ್ಬರವನ್ನೂ ಒದ್ದೆ ನಾರಿನ ಪುಡಿಯನ್ನೂ ಕಂಬಳಿಯ ಹಾಗೆ ಹೊದಿಸಿದ ಮೇಲೆ ನಾತ ತಗ್ಗಿತು. ಮೇಲೆದ್ದ ಅಮೋನಿಯಾವನ್ನು ಆ ಹೊದಿಕೆ ಹಿಡಿದುಕೊಳ್ಳುತ್ತದೆ. ಆದರೆ ಹೋದ ಸಾರಜನಕ ಹೋಗಿಯೇ ಹೋಯಿತು, ಆ ರಾಶಿ ಎಷ್ಟು ಕಳಿತರೂ ಸತ್ವ ಕಡಿಮೆಯೇ. ನಂಜಪ್ಪ ಮಾತ್ರ, "ಮದ್ವೆ ಮನೇಲಿ ಯಾರ್ಗೂ ನಮ್ಮ ಮೇಲೆ ಅನ್ಮಾನ ಬರ್ನಿಲ್ಲ, ಪುರೋಯಿತ್ರು ಓಮದ ಒಗೆ ಅಂದ್ರಂತೆ" ಅಂತ ಖುಷಿಯಾಗಿದ್ದ. ಊರಿಗೆ ಹೋದಾಗ ಈ ಕಥೆ ಹೇಳಿ ಅಣ್ಣನನ್ನು ನಗಿಸಿದೆ. ನಗುತ್ತಿದ್ದವನು ಇದ್ದಕ್ಕಿದ್ದ ಹಾಗೆ, "ಇವೆಲ್ಲಾ ಊರೋರ್ ಮುಂದೆ ಏಳ್ಬ್ಯಾಡ ಕಣವ್ವ" ಅಂದ. ನನ್ನ ನಗು ಅಲ್ಲೇ ನಿಂತಿತು.

ದೊಡ್ಡ ಸಾಹೇಬರು ಹೋದ ಮೇಲೆ ಬಂದವರು ಚಿಕ್ಕ ವಯಸ್ಸಿನ ಅಧಿಕಾರಿ. ಬುದ್ಧಿವಂತರು, ಆದರೆ ಎಲ್ಲದಕ್ಕೂ ಅವಸರ. ಯಾರ್ಡಿನಲ್ಲಿ ಜಾಗ ಇಲ್ಲ, ರಾಶಿ ಬೇಗ ಖಾಲಿ ಆಗಬೇಕು. ಥರ್ಮಾಮೀಟರ್ ಚುಚ್ಚಿ, "ಕಾವು ಇಳಿದಿದೆ ಮೇಡಂ, ಲೋಡ್ ಮಾಡಿಸಿ" ಅಂದರು. ಬೇಸಿಗೆ. ರಾಶಿ ಒಣಗಿ ತಣ್ಣಗಾಗಿತ್ತು. ಕಳಿತು ತಣ್ಣಗಾಗುವುದು ಬೇರೆ, ನೀರಿಲ್ಲದೆ ತಣ್ಣಗಾಗುವುದು ಬೇರೆ. "ಸಾರ್, ಒಂದು ಮೂಲೆಗೆ ನೀರು ಹೊಡೆಸಿ, ಮತ್ತೆ ಕಾಯುತ್ತೆ ನೋಡಿ" ಅಂದೆ. ಕೇಳಲಿಲ್ಲ. ಲೋಡು ತೊಣ್ಣೂರು ಕೆರೆಯ ಕೆಳಗಿನ ಕರೀಗೌಡರ ಕಬ್ಬಿನ ಗದ್ದೆಗೆ ಹೋಯಿತು. ನಮ್ಮ ಗೊಬ್ಬರ ಹಾಕಲು ಆ ಸೀಮೆಯಲ್ಲಿ ಮೊದಲು ಒಪ್ಪಿದವರು ಅವರು.

ಗದ್ದೆಗೆ ನೀರು ಬಿಟ್ಟರು. ನಾನು ಹೇಳಿದ್ದು ಯಾರ್ಡಿನಲ್ಲಿ ಆಗಬೇಕಿತ್ತು, ಗದ್ದೆಯಲ್ಲಿ ಆಯಿತು. ಒಣಗಿ ಮಲಗಿದ್ದ ಜೀವಾಣುಗಳೆಲ್ಲ ಎದ್ದು ಉಣ್ಣಲು ಕೂತವು, ಮಣ್ಣಿನಲ್ಲಿದ್ದ ಸಾರಜನಕವನ್ನೂ ಎಳೆದುಕೊಂಡವು. ಕಬ್ಬಿನ ಮೊಳಕೆ ಹಳದಿಯಾಗಿ ಸುಟ್ಟ ಹಾಗೆ ಆಯಿತು. ಗದ್ದೆಯಂಚಿಗೆ ಎಂದು ಇಟ್ಟುಕೊಂಡಿದ್ದ ಗೊಬ್ಬರವನ್ನು ಕರೀಗೌಡರು ಟ್ರಾಕ್ಟರಿಗೆ ತುಂಬಿಕೊಂಡು ಬಂದು ನಮ್ಮ ಗೇಟಿನ ಮುಂದೆ ಸುರಿದರು. "ಮಡೀಕಳಿ ನಿಮ್ ಗೊಬ್ರಾನ!" ಅಂತ ಕೂಗಿ ಹೊರಟೇಹೋದರು. ಅಧಿಕಾರಿಗಳು ಒಳಗೇ ಕೂತಿದ್ದರು.

ಆ ಗೊಬ್ಬರ ಗೇಟಿನಲ್ಲಿ ಬಿದ್ದದ್ದು ನೋಡಿ ನನಗೆ ಅಳು ಬಂತು. ತೊಣ್ಣೂರಿನ ಕಡೆ ಒಂದು ಮಾತು ಹುಟ್ಟಿದರೆ ಅದು ಅತ್ತಿಗೆಯ ತೌರಿಗೆ ಹೋಗಿ, ಅಲ್ಲಿಂದ ಅಣ್ಣನ ಕಿವಿಗೆ ಬೀಳುತ್ತದೆ. ಇನ್ನು ಅವನು ಜನ್ಮದಲ್ಲಿ ಒಪ್ಪುವುದಿಲ್ಲ ಅನ್ನಿಸಿತು. ನಾಲ್ಕು ದಿನ ಬಿಟ್ಟು ಕಳಿತ ರಾಶಿಯಿಂದ ಒಂದು ಚೀಲ ತುಂಬಿಕೊಂಡು, ರಾಗಿ ಮೊಳೆ ಹಾಕಿದ್ದ ಎರಡು ತಟ್ಟೆಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ನೇರ ಗದ್ದೆಗೇ ಹೋದೆ. ಕರೀಗೌಡರು ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದರು.

"ಯಾಕ್ ಬಂದ್ರವ್ವ? ಸತ್ತದಾ ಬದ್ಕದಾ ಅಂತ ನೋಡೋಕಾ?"

"ಕಳಿಸಬೇಡಿ ಅಂದಿದ್ದೆ ಗೌಡ್ರೇ. ನನ್ನ ಮಾತು ನಡೀಲಿಲ್ಲ."

"ಯಾರ್ ಮಾತು ನಡೀತೋ ನಡೀನಿಲ್ವೋ, ಓಗಿದ್ದು ನನ್ ಪೈರು ತಾನೇ?"

ತಟ್ಟೆ ಬಿಚ್ಚಿದೆ. ಗೊಬ್ಬರ ನೆನೆಸಿದ ನೀರಿನಲ್ಲಿ ರಾಗಿ ಮೊಳೆಸುವುದು ನಮ್ಮ ಪರೀಕ್ಷೆ. ಅವರಿಗೆ ಹೋಗಿದ್ದ ಲೋಡಿನ ನೀರು ಕುಡಿದ ರಾಗಿ ಬೇರು ಬಿಡದೆ ಕಂದಿತ್ತು. ಕಳಿತ ಗೊಬ್ಬರದ ನೀರು ಕುಡಿದ ರಾಗಿ ಬೆಳ್ಳಗೆ ಬೇರು ಬಿಟ್ಟಿತ್ತು. ಗೌಡರು ತಟ್ಟೆಗಳನ್ನು ನೋಡಿದರು. ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ಮೂಗಿಗೆ ಹಿಡಿದರು. ನಾನು ಬಿಸಿಲಲ್ಲಿ ನಿಂತೇ ಇದ್ದೆ.

"ಇದು ಕಳ್ತದೆ" ಅಂದರು. "ಇದ್ನೇ ಕೊಡೋದಲ್ವಾ ಮೊದ್ಲೇ?"

"ಇನ್ನು ಮೇಲೆ ಇದನ್ನೇ ಕೊಡ್ತೀನಿ. ಗದ್ದೇಲಿ ಒಂದು ಮೂಲೆ ಬಿಟ್ಟುಕೊಡಿ, ಸಾಕು."

"ಒಂದ್ ಮೂಲೆ ಕಣವ್ವ, ಒಂದೇ ಮೂಲೆ. ಈ ದಪ ಕೆಟ್ರೆ ನಿಮ್ಮ ಗೇಟ್‌ನಾಗಲ್ಲ, ನಿಮ್ ಆಪೀಸ್ ಟೇಬಲ್ ಮೇಲೆ ಸುರೀತೀನಿ."

ಆ ಮೂಲೆಯ ಕಬ್ಬು ಉಳಿದ ಗದ್ದೆಗಿಂತ ಎತ್ತರ ಬಂತು. ಮುಂದಿನ ಸಲ ಗೌಡರು ಗದ್ದೆಗೆಲ್ಲ ಹಾಕಿಸಿದರು, ಸುತ್ತಲಿನವರೂ ಒಬ್ಬೊಬ್ಬರೇ ಬಂದರು. ಹೊಸಬರಿಗೆ ಒಂದು ಮಾತು ಇಲ್ಲಿ ಹೇಳಲೇಬೇಕು. ಎಷ್ಟೇ ಕಳಿತಿರಲಿ, ಸೊಪ್ಪಿಗೆ, ಗೆಡ್ಡೆಗೆ, ಹಸಿಯಾಗಿ ತಿನ್ನುವುದಕ್ಕೆ ನಾನು ಕೊಡುತ್ತಿರಲಿಲ್ಲ. ಕಬ್ಬು, ಹೂವು, ಮರಗಳಿಗೆ ಮಾತ್ರ. ಸೀಸದಂಥ ಲೋಹ ಸ್ಲಡ್ಜಿನಲ್ಲಿ ಬಂದರೆ ಅದು ಯಾವ ಕಾವಿಗೂ ಕರಗುವುದಿಲ್ಲ, ಯಾವ ಜೀವಾಣುವೂ ಅದನ್ನು ತಿನ್ನುವುದಿಲ್ಲ. ಪ್ರತಿ ರಾಶಿಯಲ್ಲೂ ಅದನ್ನು ನೋಡಿಯೇ ಕಳಿಸಿ. ಯಾರು ಅವಸರ ಮಾಡಿದರೂ ಕಿವಿಗೆ ಹಾಕಿಕೊಳ್ಳಬೇಡಿ.

ಇಷ್ಟಾದರೂ ಅಣ್ಣ ಒಂದು ಮಾತು ಕೇಳಲಿಲ್ಲ. ಪ್ರತಿ ದೀಪಾವಳಿಗೂ ಹಿತ್ತಿಲು, ಬಕೆಟ್, ಒದ್ದೆ ತಲೆ. ಮಂಜುಳ ದೀಪ ಇಡುವಳು, ನಾನು ಹಿಂದೆ ನಿಂತು ಕೈಮುಗಿಯುವೆ. ಗಂಜಾಂಗೆ ವಾಪಸ್ ಬಂದರೆ ಮನೆಯಲ್ಲಿ ನನ್ನ ಚಪ್ಪಲಿ ಸದ್ದು ನನಗೇ ಕೇಳುವುದು. ಸಂಜೆ ನಿಮಿಷಾಂಬ ಗುಡಿಯ ಮೆಟ್ಟಿಲ ಮೇಲೆ ಕೂತು ಹೊಳೆ ನೋಡುತ್ತಿದ್ದೆ. ಅಲ್ಲೂ ನನ್ನ ಪಕ್ಕದ ಜಾಗ ಖಾಲಿಯೇ. ಮೈಯಲ್ಲಿ ವಾಸನೆ ಇತ್ತೋ ಇಲ್ಲವೋ ನನಗೆ ಗೊತ್ತಾಗುತ್ತಿರಲಿಲ್ಲ, ಅದೇ ಕಷ್ಟ. ಇದೆ ಅಂದುಕೊಂಡು ನಾನೇ ಜನರಿಂದ ಒಂದು ಮೊಳ ದೂರ ಕೂರುವುದನ್ನು ಕಲಿತುಬಿಟ್ಟಿದ್ದೆ.

ನಿವೃತ್ತಿಗೆ ಮುಂಚಿನ ಕೊನೆಯ ದೀಪಾವಳಿ. ನವರಾತ್ರಿ ಕಳೆದ ಮೇಲೆ ಕರೀಗೌಡರು ಒಂದು ಟ್ರೇಲರ್ ಹೆಚ್ಚಿಗೆ ಬೇಕು ಅಂದರು, ಕೊಟ್ಟು ಕಳಿಸಿದ್ದೆ. ಹಬ್ಬದ ದಿನವೂ ಯಂತ್ರ ಕೆಟ್ಟು ಯಾರ್ಡಿಗೆ ಹೋಗಬೇಕಾಯಿತು. ಅಲ್ಲಿಂದ ಸೀದಾ ಬಸ್ಸು ಹತ್ತಿ ಊರಿಗೆ ಬಂದಾಗ ಸಂಜೆ. ರೂಢಿಯಂತೆ ಸುತ್ತಿಕೊಂಡು ಹಿತ್ತಿಲಿಗೆ ಹೋದೆ. ತಿಪ್ಪೆಯ ಪಕ್ಕ ಕಪ್ಪಗೆ ಒಂದು ಹೊಸ ಗುಡ್ಡೆ. ಅಣ್ಣ ಅದರ ಹತ್ತಿರ ನಿಂತಿದ್ದ, ಬೇಲಿಯಾಚೆ ಪಕ್ಕದ ಮನೆಯ ಬೋರಣ್ಣ.

ನಾನು ಬಗ್ಗಿ ಒಂದು ಹಿಡಿ ತೆಗೆದೆ. ಕಾಫಿಪುಡಿ ಬಣ್ಣ, ಮಳೆ ಬಿದ್ದ ನೆಲದ ವಾಸನೆ, ನಡುವೆ ಸಣ್ಣ ಸಣ್ಣ ತೆಂಗಿನ ನಾರು. ಜರಡಿ ತಪ್ಪಿಸಿಕೊಂಡು ಬಂದಿದ್ದ ಶಾಂಪೂ ಪೊಟ್ಟಣದ ನೀಲಿ ಚೂರೊಂದು ನನ್ನ ಅಂಗೈಯಲ್ಲಿ ಮಿನುಗಿತು. ನಮ್ಮ ಯಾರ್ಡಿನದೇ.

"ಏನ್ಲಾ ಪುಟ್ಟಸ್ವಾಮಿ, ಈ ಪಾಟಿ ಕಪ್ಪಗದೆ, ಯಾವ್ ಗೊಬ್ರಲಾ ಇದು?" ಅಂದ ಬೋರಣ್ಣ.

ಅಣ್ಣ ನನ್ನ ಮುಖ ನೋಡಿದ. ಹೇಳುತ್ತಾನೆ ಅಂದುಕೊಂಡೆ. ಇಷ್ಟು ವರ್ಷ ಈ ಒಂದು ಮಾತಿಗೇ ಕಾದಿದ್ದೆ.

"ಕುರಿ ಗೊಬ್ರ ಕಣ್ಲಾ" ಅಂದ ಅಣ್ಣ. "ಯೇಮಗಿರಿ ಕಡೆಯಿಂದ ತರ್ಸ್ದೆ. ತೆಂಗಿಗೆ."

ಬೋರಣ್ಣ ತಲೆಯಾಡಿಸಿ ಒಳಗೆ ಹೋದ. ನಾನು ಅಂಗೈಯನ್ನು ಅಣ್ಣನ ಮುಖದ ಮುಂದೆ ಹಿಡಿದೆ. "ಯಾವ ಕುರಿ ಅಣ್ಣ ಶಾಂಪೂ ಹಾಕ್ಕೊಂಡಿದ್ದು?"

ಅವನು ನೆಲ ನೋಡುತ್ತಾ ನಿಂತ. "ಊರೊಳ್ಗೆ ಬಾಳ್ಬೇಕಲ್ಲವ್ವ" ಅಂದ. ಆಮೇಲೆ ಮೆಲ್ಲಗೆ, "ನಿಮ್ಮತ್ಗೆ ತೌರ್ಗೆ ಓಗಿದ್ದಾಗ ಕರೀಗೌಡಪ್ಪನ ಕಬ್ ನೋಡ್ಕಂಬಂದ್ಲು. ಆಕ್ಸು ಆಕ್ಸು ಅಂತ ಪ್ರಾಣ ತಿಂದ್ಲು. ಗೌಡಪ್ಪನೇ ಟ್ರೇಲರ್ ಕಳ್ಸಿದ್ದು" ಅಂದ.

"ನಾಳೆ ಬೋರಣ್ಣನೂ ಆ ಕುರಿ ಗೊಬ್ಬರ ಕೇಳ್ತಾನಲ್ಲ, ಎಲ್ಲಿಂದ ತಂದುಕೊಡ್ತೀಯ?"

"ಕೇಳ್ಲಿ ಬುಡು, ಆಗ ನೋಡವ" ಅಂದ, ಒಂದು ಚೂರು ನಕ್ಕ. ನನಗೆ ನಗು ಬರಲಿಲ್ಲ. ನನ್ನ ಗೊಬ್ಬರ ಮನೆಗೆ ಬಂತು, ಹೆಸರು ಬದಲಾಯಿಸಿಕೊಂಡು ಬಂತು. ಖುಷಿ ಪಡಬೇಕೋ ಜಗಳ ಆಡಬೇಕೋ ತಿಳಿಯದೆ ಆ ಹಿಡಿಯನ್ನು ಮೆಲ್ಲಗೆ ಗುಡ್ಡೆಯ ಮೇಲೇ ಸುರಿದೆ.

ಅತ್ತಿಗೆ ದೀಪದ ತಟ್ಟೆ ಹಿಡಿದುಕೊಂಡು ಬಂದರು. ಹಿಂದೆ ಮಂಜುಳ ಇರಲಿಲ್ಲ. "ಅವ್ಳಿಗೆ ಒಬ್ಬಟ್ಟು ಬೇಯ್ಸೋ ಕೆಲ್ಸ ಅದೆ, ತಗಾ, ನೀನೇ ಇಡು" ಅಂತ ತಟ್ಟೆಯನ್ನು ನನ್ನ ಕೈಗೆ ತುರುಕಿದರು. ಯಾರ್ಡಿನ ಸೀರೆಯಲ್ಲೇ ಇದ್ದೆ. ಗೊಬ್ಬರ ಮುಟ್ಟಿದ ಕೈ. ತಿಪ್ಪೆಯ ಮೇಲೆ ಒಂದು ಹಣತೆ ಇಟ್ಟೆ, ತಟ್ಟೆಯಲ್ಲಿ ಇನ್ನೊಂದು ಉಳಿದಿತ್ತು. ಅತ್ತಿಗೆ ಕಪ್ಪು ಗುಡ್ಡೆಯ ಕಡೆ ಕಣ್ಣಲ್ಲೇ ತೋರಿಸಿದರು. ಅಲ್ಲಿಗೂ ಇಟ್ಟೆ. ಹುಚ್ಚೆಳ್ಳು ಹೂ ಸಿಕ್ಕಿಸಿ ಮೂವರೂ ಕೈಮುಗಿದೆವು.

ಅಣ್ಣ, ಅತ್ತಿಗೆ ಒಳಗೆ ಹೋದರು. ನಾನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಂದು ನಿಂತೆ. ಬಕೆಟ್ ಇರಲಿಲ್ಲ. ಹಬ್ಬದ ಗಡಿಬಿಡಿ, ಇನ್ನೂ ನೀರು ಕಾದಿಲ್ಲವೇನೋ ಅಂತ ಸೆರಗು ಸುತ್ತಿಕೊಂಡು ಕಾದೆ. ಕತ್ತಲಾಗುತ್ತಾ ಬಂತು. ಹಣತೆಗಳೆರಡೂ ಉರಿಯುತ್ತಿದ್ದವು. ಅತ್ತಿಗೆ ಬಾಗಿಲಿಗೆ ಬಂದು ಇಣುಕಿದರು.

"ಅಲ್ಲೇನ್ ಕಂಬ ನಿಂತಂಗೆ ನಿಂತ್ಕಂಡಿದ್ದೀಯೆ? ಒಳೀಕ್ ಬಾ. ನಿಮ್ಮಣ್ಣ ಎಲೆ ಮುಂದೆ ಕುಂತವ್ನೆ."

ಕಲ್ಲಿನ ಮೇಲೆ ಅಣ್ಣನ ಚೊಂಬು ಇತ್ತು. ತೊಟ್ಟಿಯಿಂದ ನೀರು ಮೊಗೆದುಕೊಂಡೆ. ತಣ್ಣೀರು. ಕೈ ತೊಳೆದು ಕಾಲು ತೊಳೆದುಕೊಂಡೆ. ಅಷ್ಟೇ ತೊಳೆದುಕೊಂಡು ಒಳಗೆ ಹೋದೆ.